ವಿದ್ಯಾರ್ಥಿಯ ದಾಖಲೆಗಳನ್ನು ವಿಶ್ವವಿದ್ಯಾಲಯದಲ್ಲಿ ಯಾರು ಯಾರು ನೋಡಬಹುದು?

ತುಂಗಾತೀರದ ಉಪನ್ಯಾಸಕ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಆಂತರಿಕ ಅಂಕಗಳನ್ನು ತುಂಬಿಕೊಡಿ ಎಂದು ಮೊನ್ನೆ ಕಚೇರಿಯಿಂದ ನಮ್ಮ ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಎಕ್ಸೆಲ್ ಹಾಳೆ ಬಂತು. ನನ್ನ ಕೆಲಸಕ್ಕೆ ಬೇಕಿದ್ದದ್ದು ನೋಂದಣಿ ಸಂಖ್ಯೆ, ಹೆಸರು ಮತ್ತು ಅಂಕ ಬರೆಯಲು ಒಂದು ಖಾಲಿ ಕಾಲಂ, ಇಷ್ಟೇ. ಆದರೆ ಆ ಹಾಳೆಯನ್ನು ಬಲಕ್ಕೆ ಸರಿಸುತ್ತಾ ಹೋದಂತೆ ಜಾತಿ, ಪ್ರವರ್ಗ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಕುಟುಂಬದ ವಾರ್ಷಿಕ ಆದಾಯ, ತಂದೆಯ ಉದ್ಯೋಗ, ತಾಯಿಯ ಮೊಬೈಲ್ ಸಂಖ್ಯೆ, ಹಾಸ್ಟೆಲ್ ಕೊಠಡಿ, ಬ್ಯಾಂಕ್ ಖಾತೆ, ಕೊನೆಗೆ ‘ಅಂಗವೈಕಲ್ಯ ಇದ್ದಲ್ಲಿ ವಿವರ’ ಎಂಬ ಕಾಲಂ ಸಹ ಕಾಣಿಸಿತು. ಗುಂಪಿನಲ್ಲಿ ಕೆಲಸ ಬಿಟ್ಟು ಹೋದ ಇಬ್ಬರು ಉಪನ್ಯಾಸಕರು ಇಂದಿಗೂ ಸದಸ್ಯರಾಗಿದ್ದಾರೆ.

ಕೇಳಿದರೆ, ‘ಪ್ರವೇಶದ ಸಮಯದ ಮೂಲ ಹಾಳೆ ಅದು, ಬೇಡವಾದ ಕಾಲಂ ನೀವೇ ಅಳಿಸಿಕೊಳ್ಳಿ’ ಎಂಬ ಉತ್ತರ ಬಂತು. ನನ್ನ ಪ್ರಶ್ನೆ ಇಷ್ಟು: ವಿಶ್ವವಿದ್ಯಾಲಯ ಅಥವಾ ಅದರ ಅಧೀನದ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯ ಯಾವ ಮಾಹಿತಿಯನ್ನು ಯಾರು ನೋಡಬಹುದು ಎಂಬುದಕ್ಕೆ ಲಿಖಿತ ನಿಯಮ ಇದೆಯೇ? ಇದ್ದರೆ ಅದು ಎಲ್ಲಿದೆ? ಇಲ್ಲದಿದ್ದರೆ ನಾವು ಯಾವ ಆಧಾರದ ಮೇಲೆ ಬೇಡ ಎನ್ನಬಹುದು?

ಹಂಪನಕಟ್ಟೆ:
ಇದು ನಿಮ್ಮ ಕಾಲೇಜಿನ ಕಥೆ ಮಾತ್ರವಲ್ಲ ಸರ್. ಎಲ್ಲರ ಮನೆಯ ದೋಸೆಯೂ ತೂತೇ.

ನಿವೃತ್ತ ಅಧೀಕ್ಷಕ:
ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಹಿಂದೆ ಎಲ್ಲವೂ ಸುಸೂತ್ರವಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಕಾಗದಕ್ಕೆ ಒಂದು ಸ್ವಾಭಾವಿಕ ಮಿತಿ ಇತ್ತು. ಅಂಕಗಳ ಲೆಡ್ಜರ್ ಒಬ್ಬ ವಿಷಯ ನಿರ್ವಾಹಕರ ಸುಪರ್ದಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿತ್ತು. ಅದನ್ನು ನೋಡಬೇಕೆಂದರೆ ಮೂರನೆಯ ಮಹಡಿಗೆ ಹತ್ತಿ ಬಂದು, ಕಾರಣ ಹೇಳಿ, ವಹಿಯಲ್ಲಿ ಸಹಿ ಮಾಡಬೇಕಿತ್ತು. ಜಾತಿ ಮತ್ತು ಆದಾಯದ ಕಾಗದಗಳು ಪ್ರವೇಶ ವಿಭಾಗದ ಕಡತದಲ್ಲಿ ಇರುತ್ತಿದ್ದವೇ ಹೊರತು ಪರೀಕ್ಷಾ ವಿಭಾಗದತ್ತ ಸುಳಿಯುತ್ತಲೇ ಇರಲಿಲ್ಲ. ಈಗ ಅವೆಲ್ಲ ಒಂದೇ ಹಾಳೆಯ ಅಕ್ಕಪಕ್ಕದ ಕಾಲಂಗಳಾಗಿವೆ. ತೊಂದರೆ ಆರಂಭವಾಗುವುದೇ ಅಲ್ಲಿಂದ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಮುಚ್ಚಿಡುವುದು ವಿಶ್ವವಿದ್ಯಾಲಯಗಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಉತ್ತರಪತ್ರಿಕೆಯ ವಿಚಾರದಲ್ಲಿ ನಾವು ಎಷ್ಟು ಕಟ್ಟುನಿಟ್ಟಾಗಿದ್ದೆವು ಎಂಬುದನ್ನು ನೋಡಿ. ಬಂಡಲ್ ಬಂದ ಕೂಡಲೇ ನೋಂದಣಿ ಸಂಖ್ಯೆಯಿದ್ದ ಭಾಗವನ್ನು ಹರಿದು ಬೇರೆ ಇರಿಸಿ, ಪತ್ರಿಕೆಗೆ ಸಂಕೇತ ಸಂಖ್ಯೆ ಹಾಕಿ, ಕೋಡಿಂಗ್ ಮಾಡಿದವರನ್ನು ಡಿಕೋಡಿಂಗ್‌ಗೆ ಹಾಕದೆ, ಮೌಲ್ಯಮಾಪಕರಿಗೆ ವಿದ್ಯಾರ್ಥಿ ಯಾರೆಂದು ತಿಳಿಯದಂತೆ, ವಿದ್ಯಾರ್ಥಿಗೆ ಮೌಲ್ಯಮಾಪಕರು ಯಾರೆಂದು ತಿಳಿಯದಂತೆ ನೋಡಿಕೊಳ್ಳುತ್ತಿದ್ದೆವು. ಈಗ ಬಾರ್‌ಕೋಡ್ ಬಂದಿದೆ, ತತ್ವ ಅದೇ. ಕೆಲಸಕ್ಕೆ ಬೇಕಾದಷ್ಟು ಮಾತ್ರ ಕಾಣಬೇಕು ಎಂಬ ಶಿಸ್ತು ಅಂಕ ಕೊಡುವ ಮೇಜಿಗೆ ಇದೆ, ಆದರೆ ಪ್ರವೇಶದ ಕಡತಕ್ಕೆ ಇಲ್ಲ. ನನ್ನ ತಕರಾರು ಇದೊಂದೇ.

ಬೆಳಗಾವಿ ಮೆಕ್ಯಾನಿಕಲ್:
ಅಧೀಕ್ಷಕರು ಹೇಳಿದ್ದು ಮೌಲ್ಯಮಾಪನದ ತನಕ ಸರಿ. ಫಲಿತಾಂಶ ಬಂದ ಕ್ಷಣದಿಂದ ಆ ಶಿಸ್ತು ಗಾಳಿಗೆ ಹೋಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿಯ ಯುಎಸ್‌ಎನ್ ಎಂಬ ನೋಂದಣಿ ಸಂಖ್ಯೆ ಹತ್ತು ಅಕ್ಷರಗಳದ್ದು. ಮೊದಲನೆಯದು ಪ್ರದೇಶದ ಅಂಕಿ, ನಂತರದ ಎರಡಕ್ಷರ ಕಾಲೇಜು, ಆಮೇಲೆ ಪ್ರವೇಶದ ವರ್ಷ, ವಿಭಾಗ, ಕೊನೆಯ ಮೂರು ಅಂಕಿ ಕ್ರಮಸಂಖ್ಯೆ. ಕ್ರಮಸಂಖ್ಯೆ ಬಹುಪಾಲು ಹೆಸರಿನ ಅಕ್ಷರಮಾಲೆಯ ಅನುಕ್ರಮದಲ್ಲೇ ಇರುವುದರಿಂದ ನನ್ನ ಸಂಖ್ಯೆ ಗೊತ್ತಿದ್ದವರಿಗೆ ನನ್ನ ಪಕ್ಕದ ಬೆಂಚಿನವನದ್ದೂ ಗೊತ್ತಿದ್ದ ಹಾಗೆಯೇ. ಸಂಖ್ಯೆ ಹಾಕಿ, ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ಟೈಪ್ ಮಾಡಿದರೆ ಸಾಕು, ಯಾರ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಬ್ಯಾಚಿನಲ್ಲಿ ಒಬ್ಬ ಪುಣ್ಯಾತ್ಮ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು ಇಡೀ ತರಗತಿಯ ಅಂಕಗಳನ್ನು ರ‍್ಯಾಂಕ್ ಪಟ್ಟಿ ಮಾಡಿ ಗುಂಪಿಗೆ ಹಾಕಿದ್ದ. ಬ್ಯಾಕ್‌ಲಾಗ್ ಇದ್ದವರ ಹೆಸರಿಗೆ ಕೆಂಪು ಬಣ್ಣ ಬೇರೆ.

ಸೋಮೇಶ್ವರದ ತಾಯಿ:
ಹಿಂದೆ ಪತ್ರಿಕೆಗಳಲ್ಲಿ ನೋಂದಣಿ ಸಂಖ್ಯೆ ಅಚ್ಚಾಗುತ್ತಿತ್ತು, ಶಾಲೆಯ ಸೂಚನಾ ಫಲಕದಲ್ಲಿ ಫಲಿತಾಂಶ ಅಂಟಿಸುತ್ತಿದ್ದರು. ಅದರಿಂದ ಯಾರಿಗೂ ಏನೂ ಆಗಲಿಲ್ಲವಲ್ಲ? ಅಂಕ ಗುಟ್ಟಿನ ವಿಷಯ ಎಂಬುದೇ ನನಗೆ ಅರ್ಥವಾಗುತ್ತಿಲ್ಲ.

ಬೆಳಗಾವಿ ಮೆಕ್ಯಾನಿಕಲ್:
ಪತ್ರಿಕೆಯಲ್ಲಿ ಬರುತ್ತಿದ್ದದ್ದು ಪಾಸಾದವರ ಸಂಖ್ಯೆ ಮತ್ತು ದರ್ಜೆ ಮೇಡಂ, ವಿಷಯವಾರು ಅಂಕಗಳಲ್ಲ. ಮರುದಿನ ಆ ಪತ್ರಿಕೆ ರದ್ದಿಗೆ ಹೋಗುತ್ತಿತ್ತು. ಈಗಿನ ಪಟ್ಟಿ ನಾಲ್ಕು ವರ್ಷದ ನಂತರವೂ ಯಾರದೋ ಮೊಬೈಲಿನಲ್ಲಿ ಇರುತ್ತದೆ. ಏನೂ ಆಗಲಿಲ್ಲ ಎಂದಿರಿ. ಫಲಕದ ಮುಂದೆ ನಿಲ್ಲಲಾಗದೆ ಹಿಂದಿನಿಂದಲೇ ಮನೆಗೆ ಹೋದವರನ್ನು ಕೇಳಿ ನೋಡಬೇಕು.

ವಕೀಲಿ ವೃತ್ತಿ ಧಾರವಾಡ:
ಮೂಲ ಪ್ರಶ್ನೆಗೆ ಬರುತ್ತೇನೆ. ‘ಇಂಥ ಮಾಹಿತಿಯನ್ನು ಇಂಥ ನೌಕರ ಮಾತ್ರ ನೋಡಬೇಕು’ ಎಂದು ಕಾಲಂ ಕಾಲಂ ಆಗಿ ಹೇಳುವ, ವಿದ್ಯಾರ್ಥಿ ದಾಖಲೆಗಳಿಗೆಂದೇ ಮಾಡಿದ ಕೇಂದ್ರ ಕಾಯ್ದೆ ನಮ್ಮಲ್ಲಿ ಇಲ್ಲ. ಇರುವುದು ಸಾಮಾನ್ಯ ಕಾನೂನು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅವು ಪೂರ್ಣವಾಗಿ ಅನ್ವಯವಾಗುವುದು 2027ರ ಮೇ ತಿಂಗಳಿನಿಂದ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಆ ನಿಯಮಗಳ ಆರನೆಯದರಲ್ಲಿದೆ. ಮಾಹಿತಿ ಹೊಂದಿರುವ ಸಂಸ್ಥೆ ಅದನ್ನು ಯಾರು ತೆರೆಯಬಹುದು ಎಂಬುದನ್ನು ನಿಯಂತ್ರಿಸಬೇಕು, ತೆರೆದವರ ಲಾಗ್, ಅಂದರೆ ಯಾರು ಯಾವಾಗ ತೆರೆದರು ಎಂಬ ದಾಖಲೆ, ಇಡಬೇಕು, ಆ ಲಾಗ್ ಅನ್ನು ಒಂದು ವರ್ಷ ಕಾಪಾಡಬೇಕು. ಸಾಫ್ಟ್‌ವೇರ್ ಹೊರಗಿನ ಕಂಪನಿಯದ್ದಾದರೂ ಹೊಣೆ ಸಂಸ್ಥೆಯದ್ದೇ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. 2019ರ ಮಸೂದೆಯಲ್ಲಿ ಜಾತಿ, ಆರೋಗ್ಯ, ಧಾರ್ಮಿಕ ನಂಬಿಕೆ ಇವನ್ನು ಸೂಕ್ಷ್ಮ ಮಾಹಿತಿ ಎಂದು ಪ್ರತ್ಯೇಕಿಸಲಾಗಿತ್ತು. 2023ರ ಕಾಯ್ದೆಯಲ್ಲಿ ಆ ಭೇದವೇ ಇಲ್ಲ. ಹೆಸರಿಗೂ ಜಾತಿಗೂ ಒಂದೇ ತಕ್ಕಡಿ.

ಮಾಹಿತಿ ಹಕ್ಕು ಮಂಡ್ಯ:
ವಕೀಲರು ಅರ್ಧ ಹೇಳಿ ನಿಲ್ಲಿಸಿದರು. ಇದೇ ಕಾಯ್ದೆಯ 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಕತ್ತರಿಸಿ, ‘ವೈಯಕ್ತಿಕ ಮಾಹಿತಿ’ ಎಂಬ ಕಾರಣವೊಂದೇ ನಿರಾಕರಿಸಲು ಸಾಕು ಎಂಬಂತೆ ಮಾಡಿತು. ಅದಕ್ಕೆ ಹದಿನೆಂಟು ತಿಂಗಳ ಕಾಲಾವಕಾಶ ಏನೂ ಇರಲಿಲ್ಲ, ನಿಯಮ ಪ್ರಕಟವಾದಾಗಲೇ ಅದೂ ಜಾರಿಗೆ ಬಂತು. ಜನರ ಹಕ್ಕು ಕಾಯಲಿ, ಕಚೇರಿಯ ಮೌನ ಮಾತ್ರ ಕೂಡಲೇ ಆರಂಭವಾಗಲಿ ಎಂಬಂತಿದೆ ವ್ಯವಸ್ಥೆ.

ನೀವೆಲ್ಲ ಖಾಸಗಿತನ ಎನ್ನುವಾಗ ನನಗೆ ಕಾಣುವುದು ಬೇರೆಯೇ ಚಿತ್ರ. ಸ್ನಾತಕೋತ್ತರ ಪ್ರವೇಶದಲ್ಲಿ ಮೀಸಲಾತಿ ರೋಸ್ಟರ್ (ಯಾವ ಸೀಟು ಯಾವ ಪ್ರವರ್ಗಕ್ಕೆ ಎಂಬ ಕ್ರಮಪಟ್ಟಿ) ಸರಿಯಾಗಿ ಪಾಲನೆಯಾಗಿದೆಯೇ ಎಂದು ತಿಳಿಯಬೇಕಾದರೆ ಹೆಸರು, ಪ್ರವರ್ಗ, ಅಂಕ ಮೂರೂ ಇರುವ ಪಟ್ಟಿ ಹೊರಗೆ ಬರಲೇಬೇಕು. ಸೂಚನಾ ಫಲಕದಲ್ಲಿ ಆ ಪಟ್ಟಿ ಇದ್ದುದರಿಂದಲೇ ಎಷ್ಟೋ ಬಡ ವಿದ್ಯಾರ್ಥಿಗಳು ತಮ್ಮ ಸೀಟು ಬೇರೆಯವರ ಪಾಲಾಗಿರುವುದನ್ನು ಕಂಡುಹಿಡಿದಿದ್ದಾರೆ. ನಕಲಿ ಅಂಕಪಟ್ಟಿ ತಂದು ಕೆಲಸ ಗಿಟ್ಟಿಸಿದವರ ಬಗ್ಗೆ ಅರ್ಜಿ ಹಾಕಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಸಾಲಿನ ಹಿಂಬರಹ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ 1978ರ ಬಿಎ ದಾಖಲೆಗಳ ಪರಿಶೀಲನೆಗೆ ಕೇಂದ್ರ ಮಾಹಿತಿ ಆಯೋಗ 2016ರಲ್ಲಿ ಅವಕಾಶ ಕೊಟ್ಟಿತ್ತು. ದೆಹಲಿ ಹೈಕೋರ್ಟ್ 2025ರ ಆಗಸ್ಟಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಒಳಗೆ ಯಾರು ಬೇಕಾದರೂ ನೋಡಬಹುದು, ಹೊರಗಿನವರು ಕೇಳಿದರೆ ಮಾತ್ರ ಖಾಸಗಿ!

ವಕೀಲಿ ವೃತ್ತಿ ಧಾರವಾಡ:
ನಿಮ್ಮ ಕೊನೆಯ ವಾಕ್ಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಉಳಿದದ್ದರಲ್ಲಿ ಎರಡು ತಿದ್ದುಪಡಿ. ಮೊದಲನೆಯದು, ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಮು ಇನ್ನೂ ಜೀವಂತವಾಗಿದೆ. ಸಾರ್ವಜನಿಕ ಹಿತ ದೊಡ್ಡದೆಂದು ತೋರಿಸಿದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು. ನಿಮ್ಮ ಅರ್ಜಿಯಲ್ಲಿ ಆ ಕಲಮನ್ನು ಹೆಸರಿಸಿ, ಹಿತ ಏನೆಂದು ಬರೆಯಿರಿ, ಬರೆಯದೆ ಮೇಲ್ಮನವಿ ನಿಲ್ಲುವುದಿಲ್ಲ. ಎರಡನೆಯದು, ರೋಸ್ಟರ್ ಪರಿಶೀಲನೆಗೆ ಅರ್ಜಿ ಸಂಖ್ಯೆ, ಪ್ರವರ್ಗ, ಅಂಕ, ಯಾವ ಕೋಟಾದಲ್ಲಿ ಆಯ್ಕೆ ಎಂಬಿಷ್ಟು ಸಾಕು. ತಾಯಿಯ ಮೊಬೈಲ್ ಸಂಖ್ಯೆಯಿಂದ ಯಾವ ರೋಸ್ಟರ್ ಪರಿಶೀಲನೆ ನಡೆಯುತ್ತದೆ?

ಮಾಹಿತಿ ಹಕ್ಕು ಮಂಡ್ಯ:
ಮೊಬೈಲ್ ಸಂಖ್ಯೆ ನನಗೂ ಬೇಡ. ಆದರೆ ಹೆಸರು ತೆಗೆದರೆ ನಕಲಿ ಪ್ರಮಾಣಪತ್ರ ಹಿಡಿಯುವುದು ಹೇಗೆ? ಅರ್ಜಿ ಸಂಖ್ಯೆಯನ್ನು ನೋಡಿ ‘ಇವನು ನಮ್ಮೂರಿನವನು, ಇವನ ಜಾತಿ ಇದಲ್ಲ’ ಎಂದು ಯಾರೂ ಹೇಳಲಾರರು. ಊರಿನವರಿಗೆ ಗೊತ್ತಾಗುವುದು ಹೆಸರಿನಿಂದ.

ಪಿಎಚ್‌ಡಿ ಪರದಾಟ:
ಮಂಡ್ಯದವರ ವಾದಕ್ಕೆ ಇನ್ನೊಂದು ಮುಖವೂ ಇದೆ. ನಾನು ಪರಿಶಿಷ್ಟ ಜಾತಿಗೆ ಸೇರಿದವಳು. ಸ್ನಾತಕೋತ್ತರ ಪದವಿಗೆ ಸಾಮಾನ್ಯ ಅರ್ಹತೆಯ ಪಟ್ಟಿಯಲ್ಲೇ ಆಯ್ಕೆಯಾಗಿದ್ದೆ. ಆದರೂ ತರಗತಿಯ ಮೊದಲ ದಿನದಿಂದಲೇ ನನ್ನ ಪ್ರವರ್ಗ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಹಾಜರಾತಿ ಪುಸ್ತಕದಲ್ಲಿ ಹೆಸರಿನ ಮುಂದೆ ಅದನ್ನು ಬರೆದಿದ್ದರು. ಪ್ರತಿದಿನ ಹಾಜರಿ ಕೂಗುವ ಪ್ರಾಧ್ಯಾಪಕರಿಗೆ, ಆ ಪುಸ್ತಕ ತಂದುಕೊಡುವ ತರಗತಿ ಪ್ರತಿನಿಧಿಗೆ, ಅದನ್ನು ತಿರುವಿ ನೋಡುವ ಹುಡುಗರಿಗೆ ನನ್ನ ಜಾತಿ ಏಕೆ ಬೇಕಿತ್ತು? ಪ್ರವೇಶದ ಪಟ್ಟಿಯಲ್ಲಿ ಪ್ರವರ್ಗ ಕಾಣುವುದಕ್ಕೆ ಕಾರಣವಿದೆ, ಅದನ್ನು ನಾನೂ ಸಮರ್ಥಿಸುತ್ತೇನೆ. ಸೀಟು ಹಂಚಿಕೆ ಮುಗಿದು, ಆಕ್ಷೇಪಣೆಯ ಅವಧಿ ಕಳೆದ ಮೇಲೆ ಆ ಮಾಹಿತಿಯ ಕೆಲಸ ಉಳಿಯುವುದು ವಿದ್ಯಾರ್ಥಿವೇತನದ ಮೇಜಿನಲ್ಲಿ ಮಾತ್ರ. ಆಂತರಿಕ ಅಂಕ ಕೊಡುವವರ ಕಣ್ಣೆದುರು ಅದು ಇರುವುದರಿಂದ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ನಿವೃತ್ತ ಅಧೀಕ್ಷಕ:
ಹಾಜರಾತಿ ಪುಸ್ತಕದಲ್ಲಿ ಪ್ರವರ್ಗ ಬರೆಯುವ ಪದ್ಧತಿ ಅಂಕಿಅಂಶ ಕೇಳಿದಾಗ ಬೇಗ ಎಣಿಸಲು ಅನುಕೂಲವೆಂದು ಹುಟ್ಟಿಕೊಂಡದ್ದು. ಎಣಿಸುವವರ ಅನುಕೂಲಕ್ಕೆ ಕೂತವರ ಮರ್ಯಾದೆ ಹೋಯಿತು. ಇವರ ಮಾತು ಸರಿ.

ಸೋಮೇಶ್ವರದ ತಾಯಿ:
ಜಾತಿಯ ವಿಷಯ ಒಪ್ಪಿದೆ. ಆದರೆ ಪೋಷಕರ ಸ್ಥಾನ ಎಲ್ಲಿ? ಶುಲ್ಕ ಕಟ್ಟುವವರು ನಾವು. ಮಗ ತರಗತಿಗೆ ಹೋಗುತ್ತಿದ್ದಾನೋ ಇಲ್ಲವೋ ತಿಳಿಯುವ ಹಕ್ಕೂ ನಮಗಿಲ್ಲವೇ? ಅಮೆರಿಕದಲ್ಲಿ ತಂದೆ ತಾಯಿಗೆ ಏನನ್ನೂ ಹೇಳುವುದಿಲ್ಲವಂತೆ. ನಮ್ಮಲ್ಲೂ ಹಾಗೆ ಆಗಬೇಕೇ?

ಮಿಡ್‌ವೆಸ್ಟ್ ಕನ್ನಡಿಗ:
ಇಲ್ಲಿನ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ಒಂದು ಸ್ಪಷ್ಟನೆ ಕೊಡುತ್ತೇನೆ. ಇಲ್ಲಿ 1974ರಿಂದ ಫೆರ್ಪಾ ಎಂಬ ಕಾನೂನಿದೆ. ವಿದ್ಯಾರ್ಥಿಗೆ 18 ತುಂಬಿದರೆ ಅಥವಾ ಆತ ಕಾಲೇಜು ಸೇರಿದರೆ ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ವರ್ಗವಾಗುತ್ತದೆ. ಆದರೆ ಏನನ್ನೂ ಹೇಳುವುದಿಲ್ಲ ಎಂಬುದು ತಪ್ಪು. ತೆರಿಗೆಯ ಲೆಕ್ಕದಲ್ಲಿ ಮಗ ಅಥವಾ ಮಗಳು ಪೋಷಕರ ಅವಲಂಬಿತರಾಗಿದ್ದರೆ ವಿಶ್ವವಿದ್ಯಾಲಯ ಪೋಷಕರಿಗೆ ಮಾಹಿತಿ ಕೊಡಬಹುದು. ‘ಕೊಡಬಹುದು’ ಅಷ್ಟೇ, ಕೊಡಲೇಬೇಕೆಂದಿಲ್ಲ. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲೂ ತಿಳಿಸಬಹುದು.

ಮೂಲ ಪ್ರಶ್ನೆಗೆ ಹೆಚ್ಚು ಸಂಬಂಧಿಸಿದ ಅಂಶವೆಂದರೆ ಒಳಗಿನವರ ಬಗ್ಗೆ ಆ ಕಾನೂನು ಹೇಳುವ ಮಾತು. ನಾನು ಅಧ್ಯಾಪಕ ಎಂಬ ಒಂದೇ ಕಾರಣಕ್ಕೆ ಯಾವ ವಿದ್ಯಾರ್ಥಿಯ ದಾಖಲೆಯನ್ನೂ ತೆರೆಯುವಂತಿಲ್ಲ. ನನ್ನ ಕರ್ತವ್ಯಕ್ಕೆ ಅದು ಬೇಕು ಎಂಬ ಶೈಕ್ಷಣಿಕ ಕಾರಣ ಇರಬೇಕು, ಆ ಕಾರಣಗಳು ಯಾವುವೆಂದು ವಿಶ್ವವಿದ್ಯಾಲಯ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿರಬೇಕು. ನನ್ನ ತರಗತಿಯಲ್ಲಿರುವವರ ಪಟ್ಟಿ ನನಗೆ ಕಾಣುತ್ತದೆ, ಅವರು ಬೇರೆ ವಿಷಯದಲ್ಲಿ ಪಡೆದ ಅಂಕ ಕಾಣುವುದಿಲ್ಲ. ಹೆಸರು, ಓದುತ್ತಿರುವ ಕೋರ್ಸು ಇಂಥವನ್ನು ಬಹಿರಂಗ ಮಾಹಿತಿ ಎಂದು ಗುರುತಿಸಿರುತ್ತಾರೆ, ಅದೂ ಬೇಡವೆಂದು ವಿದ್ಯಾರ್ಥಿ ಬರೆದುಕೊಡಬಹುದು. ಇಲ್ಲಿ ಎಲ್ಲವೂ ಸರಿಯಿದೆ ಎಂದೇನೂ ಅಲ್ಲ. ಈ ಕಾನೂನನ್ನು ಉಲ್ಲಂಘಿಸಿದರೆ ವಿದ್ಯಾರ್ಥಿ ತಾನೇ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳಲಾಗದು, ಶಿಕ್ಷಣ ಇಲಾಖೆಗೆ ದೂರು ಕೊಡಬೇಕು, ಅಷ್ಟೇ. 2002ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಪು ಕೊಟ್ಟಿದೆ.

ಕಾವೇರಿ ಹಾಸ್ಟೆಲ್ 2:
ತಾಯಿಯವರಿಗೆ ನನ್ನ ಉತ್ತರ. ತಾವು ಮಗನ ಹಾಜರಾತಿ ಕೇಳುತ್ತೀರಿ, ಅದು ಕಾಳಜಿಯಿಂದ ಇರಬಹುದು. ಆದರೆ ಕಚೇರಿಗೆ ಫೋನ್ ಮಾಡಿ ‘ನಾನು ಅವಳ ಅಣ್ಣ’ ಎಂದವನಿಗೆ ನನ್ನ ಗೆಳತಿಯ ವೇಳಾಪಟ್ಟಿ ಮತ್ತು ಅವಳಿದ್ದ ಪಿಜಿಯ ವಿಳಾಸವನ್ನು ಕೊಟ್ಟರು. ಅವಳಿಗೆ ಅಣ್ಣನೇ ಇಲ್ಲ. ಫೋನ್ ತೆಗೆದವರು ಕೆಟ್ಟವರೇನಲ್ಲ, ಅವರ ಎದುರಿಗೆ ಪರದೆಯ ಮೇಲೆ ಎಲ್ಲವೂ ಇತ್ತು, ಕೇಳಿದ್ದಕ್ಕೆ ಓದಿ ಹೇಳಿದರು. ಮನೆಯವರ ಇಚ್ಛೆಗೆ ವಿರುದ್ಧವಾಗಿ ಓದುತ್ತಿರುವವರು, ಬೇರೆ ಜಾತಿಯವರನ್ನು ಮದುವೆಯಾದವರು, ಕಿರುಕುಳ ತಪ್ಪಿಸಿಕೊಂಡು ಊರು ಬಿಟ್ಟು ಬಂದವರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ಅವರ ಪಾಲಿಗೆ ವಿಳಾಸ ಎಂಬುದು ಒಂದು ಕಾಲಂ ಮಾತ್ರವಲ್ಲ.

ಸೋಮೇಶ್ವರದ ತಾಯಿ:
ಫೋನಿನಲ್ಲಿ ಯಾರೆಂದು ತಿಳಿಯದೆ ವಿಳಾಸ ಕೊಟ್ಟದ್ದು ಖಂಡಿತ ತಪ್ಪು, ನಾನು ಅದನ್ನು ಕೇಳುತ್ತಿಲ್ಲವಮ್ಮ. ನಾನು ಕೇಳುತ್ತಿರುವುದು ಹಾಜರಾತಿ ಕಡಿಮೆಯಾದರೆ ಮೊದಲೇ ಒಂದು ಸಂದೇಶ ಬರಲಿ ಎಂದು. ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಕಾಗದ ಬಂದಾಗಲೇ ನಮಗೆ ಗೊತ್ತಾಗುವುದಾದರೆ ಏನು ಪ್ರಯೋಜನ?

ಕಾವೇರಿ ಹಾಸ್ಟೆಲ್ 2:
ಅದನ್ನು ವಿದ್ಯಾರ್ಥಿಯಿಂದ ಪ್ರವೇಶದ ದಿನವೇ ಬರೆಸಿಕೊಳ್ಳಲಿ ಅಮ್ಮ. ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂದು ಎರಡು ಗೆರೆ. ಹೆಚ್ಚಿನವರು ಅಪ್ಪ ಅಮ್ಮನ ಹೆಸರನ್ನೇ ಬರೆಯುತ್ತಾರೆ. ಬರೆಯದವರಿಗೆ ಕಾರಣ ಇರುತ್ತದೆ.

ದ್ವಿತೀಯ ದರ್ಜೆ ಸಹಾಯಕಿ:
ಎಲ್ಲರೂ ಕಚೇರಿಯವರನ್ನು ಹಿಡಿದು ಜಾಡಿಸುತ್ತಿದ್ದೀರಿ, ಹಾಗಾಗಿ ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಬೇಕು. 2021-22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಶುಲ್ಕ, ಆಂತರಿಕ ಅಂಕ, ಫಲಿತಾಂಶಗಳು ಯುಯುಸಿಎಂಎಸ್ ತಂತ್ರಾಂಶದ ಮೂಲಕ ನಡೆಯುತ್ತಿವೆ. ತಂತ್ರಾಂಶದಲ್ಲಿ ಪ್ರಾಂಶುಪಾಲರಿಗೆ ಒಂದು, ಅಧ್ಯಾಪಕರಿಗೆ ಒಂದು ಎಂದು ಬೇರೆ ಬೇರೆ ಲಾಗಿನ್ ಇವೆ. ಕಾಗದದ ಮೇಲೆ ಅದು ಸರಿಯಾಗಿದೆ. ನಮ್ಮ ಕಾಲೇಜಿನಲ್ಲಿ ನಡೆಯುವುದು ಹೀಗೆ: ಕಾಯಂ ಹುದ್ದೆಗಳು ಖಾಲಿ ಇವೆ, ಇರುವ ಇಬ್ಬರಲ್ಲಿ ಒಬ್ಬರು ಚುನಾವಣಾ ಕೆಲಸಕ್ಕೆ ಹೋಗಿರುತ್ತಾರೆ, ಶುಲ್ಕ ಕಟ್ಟುವ ಕೊನೆಯ ದಿನ ಕಿಟಕಿಯ ಹೊರಗೆ ಸಾಲು ಬೆಳೆದಿರುತ್ತದೆ. ಪ್ರಾಂಶುಪಾಲರ ಮೊಬೈಲಿಗೆ ಒಟಿಪಿ ಬರುತ್ತದೆ, ಅವರು ಸಭೆಯಿಂದಲೇ ಅದನ್ನು ಗುಂಪಿಗೆ ಹಾಕುತ್ತಾರೆ. ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಕೆಳಗೆ ಸೆಲ್ಲೋಟೇಪಿನಲ್ಲಿ ಅಂಟಿಕೊಂಡಿದೆ. ಹೊರಗುತ್ತಿಗೆಯ ಆಪರೇಟರ್, ಅತಿಥಿ ಉಪನ್ಯಾಸಕರು, ಕೆಲವೊಮ್ಮೆ ಕಂಪ್ಯೂಟರ್ ಚೆನ್ನಾಗಿ ಬಲ್ಲ ಅಂತಿಮ ವರ್ಷದ ವಿದ್ಯಾರ್ಥಿಯೂ ಅದೇ ಲಾಗಿನ್‌ನಲ್ಲಿ ಕೂರುತ್ತಾರೆ. ವಕೀಲರು ಲಾಗ್ ಇಡಬೇಕು ಎಂದರು. ಇಟ್ಟರೆ ಅದರಲ್ಲಿ ಕಾಣುವುದು ಒಂದೇ ಹೆಸರು, ಅದು ಪ್ರಾಂಶುಪಾಲರದ್ದು.

ಇನ್ನು ಎಕ್ಸೆಲ್ ಹಾಳೆಯ ವಿಷಯ. ಅದನ್ನು ನಾವು ಮೋಜಿಗೆ ಮಾಡಿಕೊಂಡಿಲ್ಲ. ಪ್ರತಿ ಮೇಲಧಿಕಾರಿಯೂ ತನ್ನದೇ ನಮೂನೆಯಲ್ಲಿ, ಇಂದು ಸಂಜೆಯೊಳಗೆ ಎಂದು ಮಾಹಿತಿ ಕೇಳುತ್ತಾರೆ. ಪ್ರತಿಸಲ ಹೊಸದಾಗಿ ತೆಗೆಯಲಾಗದು ಎಂದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಂಡಿರುತ್ತೇವೆ. ಸೋರುವುದು ಆ ಹಾಳೆಯಿಂದಲೇ.

ತುಂಗಾತೀರದ ಉಪನ್ಯಾಸಕ:
ಮೇಡಂ, ತಾವು ಬರೆದದ್ದು ಬಹಳ ಉಪಯುಕ್ತವಾಯಿತು. ಹಾಗಾದರೆ ನಿಯಮ ಮಾಡಿದರೂ ಲಾಗಿನ್ ಹಂಚಿಕೆ ನಿಲ್ಲದೆ ಪ್ರಯೋಜನವಿಲ್ಲ ಎಂದಾಯಿತು.

ಹಂಪನಕಟ್ಟೆ:
ಒಟಿಪಿಯನ್ನು ಗುಂಪಿಗೆ ಹಾಕುವುದು! ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟ ಹಾಗಾಯಿತು.

ಆಪ್ತ ಸಮಾಲೋಚಕಿ:
ಯಾರೂ ಮುಟ್ಟದ ಒಂದು ಮಾಹಿತಿಯ ಬಗ್ಗೆ ಹೇಳುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ನೀಡುವ ನ್ಯಾಕ್ ಸಂಸ್ಥೆಯ ಮೌಲ್ಯಾಂಕನಕ್ಕಾಗಿ ಪ್ರತಿ ಅಧ್ಯಾಪಕರೂ ತಮಗೆ ಒಪ್ಪಿಸಿದ ವಿದ್ಯಾರ್ಥಿಗಳ ಮೆಂಟರ್ (ಮಾರ್ಗದರ್ಶನ) ಪುಸ್ತಕ ಬರೆಯುತ್ತಾರೆ. ಅದರಲ್ಲಿ ‘ವೈಯಕ್ತಿಕ ಸಮಸ್ಯೆಗಳು’ ಎಂಬ ಅಂಕಣ ಇರುತ್ತದೆ. ತಂದೆಯ ಕುಡಿತ, ತಾಯಿಯ ಕಾಯಿಲೆ, ವಿದ್ಯಾರ್ಥಿನಿ ತೆಗೆದುಕೊಳ್ಳುವ ಖಿನ್ನತೆಯ ಮಾತ್ರೆ, ಹೀಗೆ ನಂಬಿಕೆಯಿಂದ ಹೇಳಿಕೊಂಡದ್ದನ್ನೆಲ್ಲ ಅಲ್ಲಿ ಬರೆದಿರುವುದನ್ನು ನಾನು ಕಂಡಿದ್ದೇನೆ. ಆ ಪುಸ್ತಕಗಳು ವಿಭಾಗದ ತೆರೆದ ಕಪಾಟಿನಲ್ಲಿರುತ್ತವೆ, ತಂಡ ಬಂದಾಗ ಮೇಜಿನ ಮೇಲೆ ಹರಡಿರುತ್ತವೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಕಲಮು ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ, ಆದರೆ ಅದು ಚಿಕಿತ್ಸೆ ಕೊಡುವವರ ಮೇಲಿನ ಹೊಣೆ. ಮೆಂಟರ್ ಪುಸ್ತಕ ಬರೆಯುವ ವಾಣಿಜ್ಯ ಉಪನ್ಯಾಸಕರಿಗೆ ಅದು ತಗಲುವುದಿಲ್ಲ ಎಂದು ಹಲವರು ತಿಳಿದಿದ್ದಾರೆ.

ಅಂಗವೈಕಲ್ಯದ ವಿವರದ ಕತೆಯೂ ಹೀಗೆಯೇ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಅಥವಾ ಬರಹಗಾರರ ಸೌಲಭ್ಯ ಇರುವ ವಿದ್ಯಾರ್ಥಿಯ ಬಗ್ಗೆ ಕೊಠಡಿ ಮೇಲ್ವಿಚಾರಕರಿಗೆ ಗೊತ್ತಿರಬೇಕಾದದ್ದು ಆ ಸೌಲಭ್ಯ ಮಂಜೂರಾಗಿದೆ ಎಂಬ ಒಂದೇ ವಾಕ್ಯ. ಅದರ ಬದಲು ವೈದ್ಯಕೀಯ ಪ್ರಮಾಣಪತ್ರದ ನಕಲನ್ನೇ ಕೊಠಡಿಗೆ ಕಳಿಸುತ್ತಾರೆ, ಅದು ಕೈಯಿಂದ ಕೈಗೆ ಹೋಗುತ್ತದೆ.

ಪಿಎಚ್‌ಡಿ ಪರದಾಟ:
ನ್ಯಾಕ್ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಪದವಿ ಓದಿದ ಕಾಲೇಜಿನ ಜಾಲತಾಣದಲ್ಲಿ ವಿದ್ಯಾರ್ಥಿವೇತನ ಪಡೆದವರ ಪಟ್ಟಿ ಪುರಾವೆ ದಾಖಲೆಯೆಂದು ಪಿಡಿಎಫ್ ರೂಪದಲ್ಲಿ ಇದೆ. ಹೆಸರು, ಜಾತಿ, ಮೊತ್ತ, ಬ್ಯಾಂಕ್ ಖಾತೆಯ ಪೂರ್ತಿ ಸಂಖ್ಯೆ. ನನ್ನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ನನ್ನ ಸಂಶೋಧನಾ ಲೇಖನಕ್ಕಿಂತ ಮೊದಲು ಬರುವುದು ಅದೇ. ವಿಶ್ವವಿದ್ಯಾಲಯದ ಒಳಗೆ ಯಾರು ನೋಡಬಹುದು ಎಂದು ನಾವಿಲ್ಲಿ ತಲೆ ಕೆಡಿಸಿಕೊಳ್ಳುತ್ತಿರುವಾಗ ಅದನ್ನು ಜಗತ್ತೆಲ್ಲ ನೋಡುತ್ತಿದೆ.

ಮಾಹಿತಿ ಹಕ್ಕು ಮಂಡ್ಯ:
ಬ್ಯಾಂಕ್ ಖಾತೆ ಸಂಖ್ಯೆಯನ್ನು ಜಾಲತಾಣಕ್ಕೆ ಹಾಕುವವರೇ ನಾನು ಅರ್ಜಿ ಹಾಕಿದಾಗ ವೈಯಕ್ತಿಕ ಮಾಹಿತಿ ಎನ್ನುವುದು. ಇದನ್ನೇ ನಾನು ಆರಂಭದಿಂದ ಹೇಳುತ್ತಿದ್ದೆ.

ಗದಗಿನ ಪದವೀಧರ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಸರಿಪಡಿಸಲು ಯಾರನ್ನು ಕಾಣಬೇಕು? ದೂರಶಿಕ್ಷಣದಲ್ಲಿ ಓದಿದವನು.

ನಿವೃತ್ತ ಅಧೀಕ್ಷಕ:
ಕುಲಸಚಿವರು, ಮೌಲ್ಯಮಾಪನ, ಇವರ ಹೆಸರಿಗೆ ಅರ್ಜಿ ಬರೆದು ಹತ್ತನೆಯ ತರಗತಿಯ ಅಂಕಪಟ್ಟಿಯ ನಕಲು ಲಗತ್ತಿಸಿ. ನಿಗದಿತ ಶುಲ್ಕ ಇರುತ್ತದೆ. ಜೊತೆಗೆ ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಕೊಡಿ. ಪದವಿ ಪ್ರಮಾಣಪತ್ರದ ಮೇಲೆ ಪೂರ್ತಿ ಆಧಾರ್ ಸಂಖ್ಯೆ ಮುದ್ರಿಸಬಾರದು ಎಂದು ಯುಜಿಸಿ 2023ರ ಸೆಪ್ಟೆಂಬರಿನಲ್ಲೇ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ.

ಮ್ಯೂನಿಕ್ ಮಲೆನಾಡಿಗ:
ಯೂರೋಪಿನ ಒಂದು ತೀರ್ಪು ಇಲ್ಲಿಗೆ ಹೊಂದುತ್ತದೆ. ಐರ್ಲೆಂಡಿನ ಲೆಕ್ಕಪತ್ರ ಪರೀಕ್ಷೆಯ ಅಭ್ಯರ್ಥಿಯೊಬ್ಬರು ತಮ್ಮ ಉತ್ತರಪತ್ರಿಕೆ ಕೇಳಿದಾಗ, ಅದರಲ್ಲಿನ ಉತ್ತರಗಳು ಮಾತ್ರವಲ್ಲ, ಪರೀಕ್ಷಕರು ಅಂಚಿನಲ್ಲಿ ಬರೆದ ಟಿಪ್ಪಣಿಗಳೂ ಅಭ್ಯರ್ಥಿಯ ವೈಯಕ್ತಿಕ ಮಾಹಿತಿಯೇ ಎಂದು ಯೂರೋಪಿನ ನ್ಯಾಯಾಲಯ 2017ರಲ್ಲಿ ಹೇಳಿತು.

ವಕೀಲಿ ವೃತ್ತಿ ಧಾರವಾಡ:
ನಮ್ಮ ಸುಪ್ರೀಂ ಕೋರ್ಟ್ ಬೇರೆ ದಾರಿಯಿಂದ ಅಲ್ಲಿಗೆ ಅದಕ್ಕಿಂತ ಮೊದಲೇ ತಲುಪಿತ್ತು. 2011ರಲ್ಲಿ ಸಿಬಿಎಸ್ಇ ಪ್ರಕರಣದಲ್ಲಿ ಪರೀಕ್ಷಾರ್ಥಿಗೆ ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆ, ಮೌಲ್ಯಮಾಪಕರ ಗುರುತನ್ನು ಮಾತ್ರ ಮರೆಮಾಡಬೇಕು ಎಂದಿತು. ಯಾರು ನೋಡಬಾರದು ಎಂಬ ಚರ್ಚೆಯಲ್ಲಿ ವಿದ್ಯಾರ್ಥಿ ತನ್ನದೇ ದಾಖಲೆಯನ್ನು ನೋಡಬಹುದೇ ಎಂಬುದು ಮರೆತುಹೋಗಬಾರದು. ಮೆಂಟರ್ ಪುಸ್ತಕದಲ್ಲಿ ತನ್ನ ಬಗ್ಗೆ ಏನು ಬರೆದಿದ್ದಾರೆ ಎಂಬುದನ್ನು ನೋಡಿದ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆ?

ಆಪ್ತ ಸಮಾಲೋಚಕಿ:
ನೋಡಿದವರನ್ನು ನಾನು ಕಂಡಿಲ್ಲ. ಕೊನೆಯಲ್ಲಿ ‘ವಿದ್ಯಾರ್ಥಿಯ ಸಹಿ’ ಎಂಬ ಜಾಗವಿದೆ, ಖಾಲಿ ಪುಟಕ್ಕೇ ಸಹಿ ಹಾಕಿಸಿಕೊಂಡಿರುತ್ತಾರೆ.

ಬೆಳಗಾವಿ ಮೆಕ್ಯಾನಿಕಲ್:
ಪ್ಲೇಸ್‌ಮೆಂಟ್ ವಿಭಾಗವನ್ನು ಎಲ್ಲರೂ ಬಿಟ್ಟಿರಿ. ಕಂಪನಿ ಬರುವ ಮೊದಲೇ ಇಡೀ ಬ್ಯಾಚಿನ ಹಾಳೆಯನ್ನು ಅವರಿಗೆ ಕಳಿಸುತ್ತಾರೆ, ಅರ್ಜಿ ಹಾಕದವರ ವಿವರವೂ ಅದರಲ್ಲಿ ಇರುತ್ತದೆ. ಆಮೇಲೆ ತರಬೇತಿ ಸಂಸ್ಥೆಗಳಿಂದ ಕರೆಗಳ ಮಳೆ. ಪದವಿ ಅಸಲಿಯೇ ಎಂದು ಪರಿಶೀಲಿಸಲು ಡಿಜಿಲಾಕರ್ ಇದೆ, ಅಲ್ಲಿ ನಾನೇ ಒಪ್ಪಿ ಹಂಚಿಕೊಂಡರೆ ಮಾತ್ರ ಕಂಪನಿಗೆ ಕಾಣುತ್ತದೆ. ಅಂಥ ದಾರಿ ಇದ್ದರೂ ಹಾಳೆ ಕಳಿಸುವ ಚಾಳಿ ಬಿಟ್ಟಿಲ್ಲ.

ತುಂಗಾತೀರದ ಉಪನ್ಯಾಸಕ:
ಇಷ್ಟು ಪ್ರತಿಕ್ರಿಯೆ ಬರುತ್ತದೆ ಎಂದು ನಿರೀಕ್ಷಿಸಿರಲಿಲ್ಲ. ನಿನ್ನೆ ಪ್ರಾಂಶುಪಾಲರಿಗೆ ಲಿಖಿತವಾಗಿ ಮೂರು ಮನವಿ ಕೊಟ್ಟೆ. ಅಂಕ ತುಂಬುವ ಹಾಳೆಯಲ್ಲಿ ನೋಂದಣಿ ಸಂಖ್ಯೆ ಮತ್ತು ಹೆಸರು ಮಾತ್ರ ಇರಲಿ, ಹಾಜರಾತಿ ಪುಸ್ತಕದಿಂದ ಪ್ರವರ್ಗದ ಕಾಲಂ ತೆಗೆಯಲಿ, ಮೆಂಟರ್ ಪುಸ್ತಕದಲ್ಲಿ ಆರೋಗ್ಯದ ವಿವರ ಬರೆಯದೆ ಸಮಾಲೋಚಕರ ಬಳಿಗೆ ಕಳಿಸಲಾಗಿದೆ ಎಂದಷ್ಟೇ ಬರೆಯಲಿ. ಮೊದಲ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೆ ‘ನ್ಯಾಕ್ ತಂಡ ಕೇಳಿದರೆ ಏನು ತೋರಿಸುವುದು?’ ಎಂಬ ಪ್ರಶ್ನೆ ಹಾಕಿ ಕಡತವನ್ನು ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ (ಐಕ್ಯುಎಸಿ) ಸಂಯೋಜಕರಿಗೆ ಕಳಿಸಿದ್ದಾರೆ. ಕೆಲಸ ಬಿಟ್ಟ ಇಬ್ಬರನ್ನು ಗುಂಪಿನಿಂದ ತೆಗೆದರು. ಆದರೆ ಹಾಳೆ ಅವರ ಫೋನಿನಲ್ಲೇ ಇದೆ.

ಆಪ್ತ ಸಮಾಲೋಚಕಿ:
ತಂಡಕ್ಕೆ ಬೇಕಿರುವುದು ಮಾರ್ಗದರ್ಶನ ನಡೆದಿದೆ ಎಂಬುದಕ್ಕೆ ಪುರಾವೆ. ಭೇಟಿಯ ದಿನಾಂಕ, ಎಷ್ಟು ಮಂದಿಯನ್ನು ಮುಂದಕ್ಕೆ ಕಳಿಸಲಾಯಿತು ಎಂಬ ಸಂಖ್ಯೆ ತೋರಿಸಿದರೆ ಸಾಕಾಗುತ್ತದೆ ಎಂದು ಸಂಯೋಜಕರಿಗೆ ಬರೆಯಿರಿ. ಬೇಕಿದ್ದರೆ ನಾವು ಬಳಸುವ ಒಂದು ಪುಟದ ನಮೂನೆಯನ್ನು ಕಳಿಸಿಕೊಡುತ್ತೇನೆ.

ದ್ವಿತೀಯ ದರ್ಜೆ ಸಹಾಯಕಿ:
ನಾಲ್ಕನೆಯ ಮನವಿಯನ್ನೂ ಸೇರಿಸಿ ಸರ್. ಆಪರೇಟರಿಗೆ ಅವರದೇ ಲಾಗಿನ್ ಕೊಡಿಸಲು ವಿಶ್ವವಿದ್ಯಾಲಯದ ನೋಡಲ್ ಅಧಿಕಾರಿಗೆ ಪತ್ರ ಹೋಗಲಿ. ನಾವು ಬಾಯಿಮಾತಿನಲ್ಲಿ ಕೇಳಿ ಸಾಕಾಗಿದೆ, ಅಧ್ಯಾಪಕರಿಂದ ಲಿಖಿತವಾಗಿ ಬಂದರೆ ಕಡತ ತೆರೆಯಲು ನಮಗೂ ಒಂದು ಆಧಾರ ಸಿಗುತ್ತದೆ.

ಪಿಎಚ್‌ಡಿ ಪರದಾಟ:
ಆ ಪಿಡಿಎಫ್ ತೆಗೆಸುವುದು ಹೇಗೆ 
ಎಂದು ಯಾರಾದರೂ ತಿಳಿಸುವಿರಾ? ಕಾಲೇಜಿಗೆ ಕಳಿಸಿದ ಇಮೇಲ್‌ಗೆ ಉತ್ತರವಿಲ್ಲ.

ವಕೀಲಿ ವೃತ್ತಿ ಧಾರವಾಡ:
ಪ್ರಾಂಶುಪಾಲರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ, ಪುಟದ ವಿಳಾಸ ಮತ್ತು ನಿಮ್ಮ ಹೆಸರಿರುವ ಸಾಲಿನ ಚಿತ್ರ ಲಗತ್ತಿಸಿ, ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೂ ಹಾಕಿ. ಅದರ ಜೊತೆಗೇ ಬ್ಯಾಂಕ್ ಖಾತೆ ಸಂಖ್ಯೆ ಬಹಿರಂಗವಾಗಿದೆ ಎಂಬ ಕಾರಣ ಕೊಟ್ಟು ಗೂಗಲ್‌ಗೂ ತೆಗೆದುಹಾಕುವ ಮನವಿ ಸಲ್ಲಿಸಿ. ಅದು ಹುಡುಕಾಟದ ಫಲಿತಾಂಶದಿಂದ ಮಾತ್ರ ಮರೆಯಾಗುತ್ತದೆ, ಮೂಲ ಕಡತವನ್ನು ಕಾಲೇಜೇ ಅಳಿಸಬೇಕು. ಪಟ್ಟಿಯಲ್ಲಿರುವ ನಿಮ್ಮ ಸಹಪಾಠಿಗಳೂ ಸಹಿ ಹಾಕಿದರೆ ಉತ್ತರ ಬೇಗ ಬರುತ್ತದೆ.

ಪಿಎಚ್‌ಡಿ ಪರದಾಟ:
ಧನ್ಯವಾದಗಳು ಸರ್. ಅವರ ಫೋನ್ ಸಂಖ್ಯೆಗಳು ನನ್ನಲ್ಲಿಲ್ಲ, ಆದರೆ ಅದೇ ಪಿಡಿಎಫ್‌ನಲ್ಲಿ ಇವೆ.